ಬೀಗರ ಬಾಗಿಲಲ್ಲಿ ಚಪ್ಪಲಿ ಬಿಡುವಂತಿಲ್ಲ, ಬಿಡದೆ ಒಳಗೆ ಹೋಗುವಂತೆಯೂ ಇಲ್ಲ

ಪ್ರಶ್ನೆ: ನನಗೆ 56 ವರ್ಷ. ಸಕ್ಕರೆ ಕಾಯಿಲೆ ಬಂದು 14 ವರ್ಷವಾಯಿತು. ಎರಡೂ ಪಾದಗಳಲ್ಲಿ ಸ್ಪರ್ಶ ಕಡಿಮೆ. ಕಳೆದ ವರ್ಷ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಹುಣ್ಣಾಗಿ, ಮಾಯಲು ನಾಲ್ಕು ತಿಂಗಳು ಹಿಡಿಯಿತು. ಮನೆಯೊಳಗೂ ಬರಿಗಾಲಲ್ಲಿ ನಡೆಯಕೂಡದು ಅಂತ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದಾರೆ. ಈಗ ಜಪಾನಿನ ಒಸಾಕಾದಲ್ಲಿ ಕೆಲಸದಲ್ಲಿರುವ ಮಗ ಅಲ್ಲಿಯ ಹುಡುಗಿಯನ್ನು ಮೆಚ್ಚಿದ್ದಾನೆ. ಡಿಸೆಂಬರಿನಲ್ಲಿ ನಾವಿಬ್ಬರೂ ಹೋಗಿ ಹುಡುಗಿಯ ಮನೆಯವರನ್ನು ನೋಡಿ ಬರಬೇಕು. ಹೋಗುವಾಗ ಬ್ಯಾಂಕಾಕಿನಲ್ಲಿ ಎರಡು ದಿನ ಇರುತ್ತೇವೆ. ಅವರ ಮನೆಯೊಳಗೆ ಶೂ ಹಾಕಿಕೊಂಡು ಕಾಲಿಡುವ ಮಾತೇ ಇಲ್ಲ ಅಂತ ಮಗ. ‘ಎರಡು ಗಂಟೆ ಬರಿಗಾಲಲ್ಲಿದ್ದರೆ ಏನಾಗಿಬಿಡುತ್ತೆ’ ಅಂತ ಯಜಮಾನರು. ಕಾಯಿಲೆಯ ಸುದ್ದಿ ಬೀಗರಿಗೆ ತಿಳಿಯುವುದು ನನಗೆ ಇಷ್ಟವಿಲ್ಲ. ಇದರ ಜೊತೆಗೆ, ಹುಡುಗಿ ಅವತ್ತು ನಮ್ಮಿಬ್ಬರ ಕಾಲಿಗೆ ನಮಸ್ಕಾರ ಮಾಡಲೇಬೇಕು ಅಂತ ಯಜಮಾನರು ಹಟ ಹಿಡಿದಿದ್ದಾರೆ. ಮಗ ಬೇಡ ಅನ್ನುತ್ತಾನೆ. ನಾನು ಯಾರ ಕಡೆ ನಿಲ್ಲಲಿ?

ಉತ್ತರ: ಯಜಮಾನರ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅದು ಉಡಾಫೆಯ ಪ್ರಶ್ನೆಯಲ್ಲ. ನೋವು ತಿಳಿಯುವ ಕಾಲಿಗೆ ಎರಡು ಗಂಟೆ ಏನೇನೂ ಅಲ್ಲ. ಮುಳ್ಳು ತಾಗಿದ ಕೂಡಲೇ ಅದು ತಾನಾಗಿಯೇ ಮೇಲೇಳುತ್ತದೆ. ನೆಲ ಸುಟ್ಟರೆ ಹೆಜ್ಜೆ ಚುರುಕಾಗುತ್ತದೆ. ಒಂದೇ ಜಾಗಕ್ಕೆ ಭಾರ ಬಿದ್ದರೆ ನಮಗೇ ಗೊತ್ತಿಲ್ಲದೆ ಭಾರವನ್ನು ಇನ್ನೊಂದು ಕಡೆಗೆ ಬದಲಿಸುತ್ತೇವೆ. ನಿಮ್ಮ ಕಾಲು ಈ ಮೂರನ್ನೂ ಮಾಡುವುದಿಲ್ಲ. ಡಾಕ್ಟರು ನಿಮ್ಮ ಅಂಗಾಲಿಗೆ ನೈಲಾನ್ ಎಳೆಯೊಂದನ್ನು ಒತ್ತಿ ‘ಗೊತ್ತಾಯಿತೇ?’ ಎಂದು ಕೇಳಿರಬೇಕು. ಅದು 10 ಗ್ರಾಂ ಒತ್ತಡಕ್ಕೆ ಬಾಗುವ ಎಳೆ. ಅದು ತಿಳಿಯದ ಪಾದಕ್ಕೆ ಬಿದ್ದಿರುವ ಗುಂಡುಸೂಜಿಯೂ ತಿಳಿಯುವುದಿಲ್ಲ. ಮಾಯ್ದ ಹುಣ್ಣಿನ ಮೇಲಿನ ಚರ್ಮವಂತೂ ಮೊದಲಿನಷ್ಟು ಗಟ್ಟಿಯಲ್ಲ. ಇಂಥ ಹುಣ್ಣು ಮಾಯ್ದ 100 ಜನರಲ್ಲಿ ಸುಮಾರು 40 ಮಂದಿಗೆ ಒಂದು ವರ್ಷದೊಳಗೆ ಅದು ಮರಳುತ್ತದೆ. ನೀವು ಆ ವರ್ಷದಲ್ಲೇ ಇದ್ದೀರಿ, ಅಥವಾ ಈಗಷ್ಟೇ ದಾಟಿದ್ದೀರಿ. ಒಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ತೆಗೆದುಬಿಡಿ: ಬರೀ ಸಾಕ್ಸ್ ಹಾಕಿ ನಡೆಯುವುದು ನಿಮ್ಮ ಲೆಕ್ಕದಲ್ಲಿ ಬರಿಗಾಲೇ. ತೆಳು ಅಟ್ಟೆಯ ಹೋಟೆಲ್ ಚಪ್ಪಲಿಯೂ ಹಾಗೆಯೇ.

ಹಾಗಾದರೆ ಬೀಗರ ಮನೆಗೆ ಹೋಗುವುದು ಹೇಗೆ? ಜಪಾನಿನ ಪದ್ಧತಿ ನಿಮ್ಮಿಂದ ನಿಜಕ್ಕೂ ಏನು ಕೇಳುತ್ತಿದೆ ಎಂದು ನೋಡಿದರೆ ಅರ್ಧ ಕಷ್ಟ ಕರಗುತ್ತದೆ. ಅಲ್ಲಿ ಯಾರೂ ಬರಿಗಾಲು ಕೇಳುತ್ತಿಲ್ಲ. ಪರರ ಮನೆಗೆ ಸಾಕ್ಸ್ ಇಲ್ಲದೆ ಬರಿಗಾಲಲ್ಲಿ ಹೋಗುವುದೇ ಅಲ್ಲಿ ಸರಿಯಲ್ಲ. ಅವರು ಕೇಳುವುದು ಇಷ್ಟೇ: ಹೊರಗೆ ತುಳಿದದ್ದು ಒಳಗೆ ಬರಬಾರದು. ಬಾಗಿಲು ತೆರೆದ ಕೂಡಲೇ ತಗ್ಗಿನಲ್ಲಿರುವ ಜಾಗಕ್ಕೆ ಗೆಂಕಾನ್ ಎನ್ನುತ್ತಾರೆ. ಅದು ಇನ್ನೂ ಹೊರಗಿನ ಲೆಕ್ಕ. ಅಲ್ಲಿಂದ ಒಂದು ಮೆಟ್ಟಿಲು ಮೇಲಕ್ಕೆ ಮನೆ ಶುರು. ನಮ್ಮ ಹೊಸ್ತಿಲು ಒಂದು ಗೆರೆ, ಅವರದು ಒಂದು ಎತ್ತರ. ಒಳಗೆ ಮಾತ್ರ ಹಾಕುವ ಶುಭ್ರ ಶೂ ಅವರಿಗೆ ವಿಚಿತ್ರವೇನೂ ಅಲ್ಲ. ಶಾಲೆಯ ಮಕ್ಕಳು ಬಾಗಿಲಲ್ಲಿ ಶೂ ಬದಲಿಸಿ ಒಳಗಿನ ಶೂ ಹಾಕಿಕೊಂಡೇ ತರಗತಿಗೆ ಹೋಗುತ್ತಾರೆ. ಅದಕ್ಕೆ ‘ಉವಾಬಾಕಿ’ ಎಂಬ ಹೆಸರೇ ಇದೆ. ಹಾಗಾಗಿ ನೀವು ಕೇಳುವುದು ಪದ್ಧತಿ ಮುರಿಯುವ ವಿನಾಯಿತಿಯಲ್ಲ. ನಿಮ್ಮದೇ ಉವಾಬಾಕಿ ತರುತ್ತಿದ್ದೀರಿ, ಅಷ್ಟೇ.

ಆ ಜೋಡಿಯನ್ನು ಈಗಲೇ ಮಾಡಿಸಲು ಕೊಡಿ. ಹೊರಗಿನ ಶೂ ಒಳಗಿರುವ ಇನ್‌ಸೋಲ್ ಕಿತ್ತು ಇದಕ್ಕೆ ಹಾಕುವ ಉಳಿತಾಯ ಬೇಡ. ಸರಿಯಾಗಿ ಕೂರದೆ ಅಂಚು ಮಡಚಿಕೊಂಡರೆ ಅದೇ ಹೊಸ ಗಾಯಕ್ಕೆ ಕಾರಣವಾಗುತ್ತದೆ. ಅದೇ ಅಚ್ಚಿನಲ್ಲಿ ಎರಡನೇ ಜೊತೆ ಇನ್‌ಸೋಲ್ ಮಾಡಿಸಿ. ಪಾದದ ಅಳತೆಯನ್ನು ಸಂಜೆ ಕೊಡಿ, ಆ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ. ಒಳಗಿನ ಉದ್ದ ಪಾದಕ್ಕಿಂತ 1ರಿಂದ 2 ಸೆಂಟಿಮೀಟರ್ ಹೆಚ್ಚಿರಲಿ, ಬೆರಳುಗಳ ಮೇಲೆ ಒತ್ತದಷ್ಟು ಎತ್ತರವಿರಲಿ. ಮುಂಭಾಗ ಮುಚ್ಚಿರಬೇಕು, ಹಿಮ್ಮಡಿಯ ಹಿಂದೆ ಪಟ್ಟಿ ಇರಬೇಕು, ಕಟ್ಟಲು ಲೇಸ್ ಬದಲು ವೆಲ್ಕ್ರೋ ಇರಲಿ. ಎಂ.ಸಿ.ಆರ್. ಎಂಬ ಮೆತ್ತನೆಯ ರಬ್ಬರ್ ಹಾಸಿನ ಚಪ್ಪಲಿಯನ್ನೇ ಮಾಡಿಸುವುದಾದರೂ ಹಿಂಪಟ್ಟಿ ಬೇಕೇ ಬೇಕು. ತಳ ತಿಳಿಬಣ್ಣದ್ದಾಗಿರಲಿ, ಮರದ ನೆಲದ ಮೇಲೆ ಕಪ್ಪು ಗೆರೆ ಬೀಳಬಾರದು. ಬಂದ ಮೇಲೆ ಮೊದಲ ದಿನ ಮನೆಯೊಳಗೆ ಒಂದು ಗಂಟೆ ಮಾತ್ರ ಹಾಕಿ ತೆಗೆದು ಪಾದ ನೋಡಿ. ಕೆಂಪಾದ ಜಾಗ 20 ನಿಮಿಷದಲ್ಲಿ ಮಾಸದಿದ್ದರೆ ಜೋಡಿಯನ್ನು ಮಾಡಿದವರ ಬಳಿಗೇ ಹಿಂದಕ್ಕೆ ಒಯ್ಯಿರಿ. ‘ಹಾಕ್ತಾ ಹಾಕ್ತಾ ಸರಿಹೋಗುತ್ತೆ’ ಎಂಬ ಮಾತು ಸ್ಪರ್ಶವಿರುವ ಕಾಲಿಗೆ ಮಾತ್ರ. ಈ ಜೋಡಿ ಎಂದೂ ಬೀದಿ ಕಾಣಬಾರದು, ನಿಮ್ಮ ಮನೆಯ ಅಂಗಳವನ್ನೂ. ಒಗೆದ ಬಟ್ಟೆಯ ಚೀಲದಲ್ಲಿ ಇಟ್ಟು ಕೈಚೀಲದಲ್ಲಿ ಒಯ್ಯಿರಿ. ಗೆಂಕಾನಿನಲ್ಲಿ ಆ ಚೀಲದಿಂದ ಹೊರತೆಗೆಯುವುದನ್ನು ಅವರು ನೋಡಿದರೆ ಅದೇ ವಿವರಣೆ.

ಮೆಟ್ಟಿಲ ಮೇಲೆ ಅತಿಥಿಗಳಿಗೆಂದು ಚಪ್ಪಲಿ ಜೋಡಿಸಿಟ್ಟಿರುತ್ತಾರೆ. ಅದನ್ನು ಹಾಕಬೇಡಿ. ಹಿಂಬದಿ ತೆರೆದ, ಎಲ್ಲರಿಗೂ ಒಂದೇ ಅಳತೆಯ ಚಪ್ಪಲಿಯದು. ಕಳಚಿಹೋಗದಂತೆ ಬೆರಳುಗಳು ಕೊಕ್ಕೆಯಂತೆ ಬಾಗಿ ಹಿಡಿದುಕೊಳ್ಳುತ್ತವೆ, ಹಾಗೆ ಬಾಗಿದಾಗ ಭಾರವೆಲ್ಲ ನಿಮ್ಮ ಹಳೆಯ ಹುಣ್ಣಿನ ಜಾಗಕ್ಕೇ ಬೀಳುತ್ತದೆ. ಇನ್ನು ಕಳಚಿಹೋದರೂ ನಿಮಗೆ ಗೊತ್ತಾಗುವುದಿಲ್ಲ. ಮೆಟ್ಟಿಲಲ್ಲಿ ಬೀಳುವುದು ಹೀಗೆಯೇ.

ಬಾಗಿಲಿನ ಕ್ರಮ ಹೀಗೆ. ಮುಖ ಒಳಗೆ ಮಾಡಿಯೇ ಶೂ ಕಳಚಬೇಕು, ಹಿಂದುಹಿಂದಾಗಿ ಒಳಗೆ ಹೋಗುವುದು ಅವಿನಯ. ಕಳಚಿದ ಪಾದ ತಗ್ಗಿನ ನೆಲಕ್ಕೆ ತಾಗದೆ ನೇರ ಮೇಲಿನ ಮೆಟ್ಟಿಲಿಗೆ ಹೋಗಬೇಕು. ಆಮೇಲೆ ಮನೆಯವರಿಗೆ ಪೂರ್ತಿ ಬೆನ್ನು ಹಾಕದೆ ಓರೆಯಾಗಿ ಕುಳಿತು, ಶೂಗಳ ತುದಿಯನ್ನು ಬಾಗಿಲ ಕಡೆ ತಿರುಗಿಸಿ ಪಕ್ಕಕ್ಕಿಡಬೇಕು. ಸ್ಪರ್ಶವಿಲ್ಲದ ಪಾದಕ್ಕೆ ಒಂಟಿಕಾಲಿನ ಈ ಕಸರತ್ತು ಆಗುವಂಥದಲ್ಲ. ನೀವು ಮೆಟ್ಟಿಲ ಅಂಚಿನ ಮೇಲೆ ಕುಳಿತುಬಿಡಿ. ವಯಸ್ಸಾದವರು ಅಲ್ಲಿಯೂ ಹಾಗೆಯೇ ಮಾಡುತ್ತಾರೆ. ಒಂದು ಶೂ ಕಳಚಿ, ಅದೇ ಕಾಲಿಗೆ ಒಳಗಿನ ಜೋಡಿ ಹಾಕಿ, ಕಾಲನ್ನು ಮೇಲಿನ ನೆಲಕ್ಕೆ ಎತ್ತಿಡಿ. ಆಮೇಲೆ ಇನ್ನೊಂದು. ಹೀಗೆ ಮಾಡಿದರೆ ನಿಮ್ಮ ಪಾದ ಒಂದು ಕ್ಷಣವೂ ನೆಲಕ್ಕೆ ಬರಿದಾಗಿ ತಾಗುವುದಿಲ್ಲ, ಒಳಗಿನ ಜೋಡಿ ತಗ್ಗಿನ ನೆಲಕ್ಕೂ ತಾಗುವುದಿಲ್ಲ. ಉದ್ದ ಹಿಡಿಯ ಶೂಹಾರ್ನ್ ಒಂದು ಜೊತೆಯಲ್ಲಿರಲಿ. ಶೂ ತಿರುಗಿಸಿಡುವ ಕೆಲಸ ಮಗನಿಗಿರಲಿ.

ಇಷ್ಟರವರೆಗೆ ಸುಲಭ. ನಿಜವಾದ ತೊಡಕು ತತಾಮಿ ಕೋಣೆಯದು. ಹುಲ್ಲಿನ ದಪ್ಪ ಚಾಪೆ ಹಾಸಿದ ಆ ಕೋಣೆಗೆ ಒಳಗಿನ ಚಪ್ಪಲಿಯೂ ನಿಷಿದ್ಧ, ಅದನ್ನು ಕೋಣೆಯ ಹೊರಗೇ ಬಿಡಬೇಕು. ಎಷ್ಟೇ ಶುಭ್ರ ಜೋಡಿಯಾದರೂ ತತಾಮಿಯ ಮೇಲೆ ಹಾಕಿಕೊಂಡು ಹೋಗುತ್ತೇನೆ ಅನ್ನಬೇಡಿ, ಅಲ್ಲಿ ಪದ್ಧತಿ ಮಣಿಯುವುದಿಲ್ಲ. ಮಣಿಯಬೇಕಾದದ್ದು ಕೋಣೆಯ ಆಯ್ಕೆ. ಈಗಿನ ಬಹುತೇಕ ಮನೆಗಳಲ್ಲಿ ಮರದ ನೆಲದ, ಮೇಜು ಕುರ್ಚಿಯ ಕೋಣೆ ಇದ್ದೇ ಇರುತ್ತದೆ. ‘ಅಮ್ಮನಿಗೆ ಕುರ್ಚಿ ಬೇಕು’ ಎಂದು ಮೊದಲೇ ತಿಳಿಸಿದರೆ ಅಲ್ಲೇ ಕೂರಿಸುತ್ತಾರೆ. ಇನ್ನೂ ಒಳ್ಳೆಯ ದಾರಿ ಇದೆ. ಎರಡು ಕುಟುಂಬಗಳು ಮುಖಾಮುಖಿಯಾಗುವ ಈ ಭೇಟಿಗೆ ಅವರಲ್ಲಿ ‘ಕಾಓ-ಆವಾಸೆ’ ಎನ್ನುತ್ತಾರೆ. ಅದನ್ನು ಹೋಟೆಲಿನ ಅಥವಾ ಊಟದ ಮನೆಯ ಪ್ರತ್ಯೇಕ ಕೋಣೆಯಲ್ಲಿ ಇಟ್ಟುಕೊಳ್ಳುವುದು ಅಲ್ಲಿ ತೀರಾ ಸಾಮಾನ್ಯ. ಕುರ್ಚಿಯ ಕೋಣೆಯನ್ನೇ ಕಾದಿರಿಸಲು ಮಗನಿಗೆ ಹೇಳಿ.

ಇಷ್ಟಾಗಿಯೂ ದೇವರ ಪೀಠವನ್ನೋ ಅಜ್ಜಿಯ ಭಾವಚಿತ್ರವನ್ನೋ ತೋರಿಸಲು ತತಾಮಿ ಕೋಣೆಗೆ ಕರೆದರೆ? ಹೊರಗೆ ನಿಂತೇ ಕೈಮುಗಿಯಬಹುದು. ಒಳಗೆ ಹೋಗಲೇಬೇಕು ಅನಿಸಿದರೆ, ಇದರ ಬಗ್ಗೆ ಹೊರಡುವ ಮೊದಲು ಡಾಕ್ಟರನ್ನು ಕೇಳಿಟ್ಟುಕೊಂಡಿರಿ. ಅವರು ಒಪ್ಪಿದರೆ ದಪ್ಪನೆಯ, ಒಳಹೊಲಿಗೆ ಉಬ್ಬಿರದ ಸಾಕ್ಸಿನಲ್ಲಿ ನಾಲ್ಕು ಹೆಜ್ಜೆ, ಮಗ ಮುಂದೆ ನೆಲ ನೋಡಿಕೊಂಡು. ಚಾಪೆಯ ಬಟ್ಟೆಯಂಚನ್ನೂ ಬಾಗಿಲ ಹಲಗೆಯನ್ನೂ ತುಳಿಯಬಾರದು. ಮಂಡಿಯೂರಿ ಹಿಮ್ಮಡಿಗಳ ಮೇಲೆ ಕೂರುವ ‘ಸೇಝಾ’ ನಿಮಗೆ ಬೇಡವೇ ಬೇಡ. ಪಾದದ ಮೇಲ್ಭಾಗ, ಬೆರಳು ಎಲ್ಲ ದೇಹದ ಭಾರಕ್ಕೆ ಸಿಕ್ಕಿ ಜೋಮು ಹಿಡಿಯುತ್ತವೆ. ಬೇರೆಯವರು ಜೋಮು ಹಿಡಿದಾಗ ಏಳುತ್ತಾರೆ, ನಿಮಗೆ ಜೋಮು ಹಿಡಿದದ್ದೇ ತಿಳಿಯುವುದಿಲ್ಲ. ಕಾಲು ಮುಂದೆ ಚಾಚಿ ಅಂಗಾಲನ್ನು ಯಾರ ಕಡೆಗೂ ತೋರಿಸಬಾರದು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ, ಅದು ನಮಗೂ ಅವರಿಗೂ ಒಂದೇ.

ಶೌಚಾಲಯದ ಬಾಗಿಲಲ್ಲಿ ಬೇರೆಯದೇ ಚಪ್ಪಲಿ ಇದ್ದರೂ ಇರಬಹುದು. ಇದ್ದರೆ ಒಳಗಿನ ಜೋಡಿಯನ್ನು ಹೊರಗೆ ಬಿಟ್ಟು, ಗೋಡೆ ಹಿಡಿದು ಅದನ್ನು ಹಾಕಿ. ಎರಡೇ ಹೆಜ್ಜೆಯ ಜಾಗ, ಆದರೂ ಇದರ ಬಗ್ಗೆಯೂ ಡಾಕ್ಟರನ್ನು ಮೊದಲೇ ಕೇಳಿಟ್ಟುಕೊಂಡಿರಿ. ಬರುವಾಗ ಮರೆತು ಅದರಲ್ಲೇ ಊಟದ ಕೋಣೆಗೆ ಬಂದುಬಿಡುವುದು ಹೊರನಾಡಿನವರು ಮಾಡುವ ಅತಿ ಪ್ರಸಿದ್ಧ ತಪ್ಪು. ಹಾಗಾದರೆ ಅವರು ನಗುತ್ತಾರೆ, ನೀವೂ ನಕ್ಕುಬಿಡಿ.

ನಿಮ್ಮ ಪ್ರಶ್ನೆಯಲ್ಲಿ ಇಲ್ಲದ, ಆದರೆ ಬರಿಗಾಲಿಗಿಂತ ದೊಡ್ಡ ಅಪಾಯವೊಂದಿದೆ. ನೀವು ಹೋಗುವುದು ಡಿಸೆಂಬರಿನಲ್ಲಿ. ಚಳಿಗೆ ಮುದುಡಿದ ಅತಿಥಿಯ ಕಾಲು ಬೆಚ್ಚಗಿಡುವುದು ಅಲ್ಲಿಯ ಆದರ. ‘ಕೊತಾತ್ಸು’ ಎಂಬ ತಗ್ಗು ಮೇಜಿನ ಕೆಳಗೆ ಹೀಟರ್ ಇರುತ್ತದೆ, ಸುತ್ತ ರಜಾಯಿ ಇಳಿಬಿಟ್ಟಿರುತ್ತದೆ, ಎಲ್ಲರೂ ಕಾಲನ್ನು ಅದರೊಳಗೆ ಇಟ್ಟು ಕೂರುತ್ತಾರೆ. ಕೆಲವು ಊಟದ ಮನೆಗಳಲ್ಲಿ ಕಾಲು ಇಳಿಬಿಡಲು ಮೇಜಿನ ಕೆಳಗೆ ಗುಂಡಿ ತೋಡಿರುತ್ತಾರೆ, ಹೆಸರು ಹೊರಿಗೊತಾತ್ಸು. ಕುರ್ಚಿಯಂತೆ ಕೂರಬಹುದಾದ್ದರಿಂದ ನಿಮಗೆ ಹೇಳಿ ಮಾಡಿಸಿದ ಹಾಗೆ ಕಾಣುತ್ತದೆ. ಆದರೆ ಹೀಟರ್ ಅದರ ತಳದಲ್ಲೇ ಇರಬಹುದು, ಜೊತೆಗೆ ಅಲ್ಲಿಗೂ ಶೂ ಬಿಟ್ಟೇ ಹೋಗಬೇಕು. ಸಾಕ್ಸಿಗೆ ಅಂಟಿಸುವ ‘ಕೈರೊ’ ಎಂಬ ಬಿಸಿ ಚೀಲವನ್ನು ಹುಡುಗಿಯೇ ಪ್ರೀತಿಯಿಂದ ತಂದುಕೊಟ್ಟಾಳು. ಸುಡಲು ಕೆಂಡವೇ ಬೇಕಾಗಿಲ್ಲ. 44 ಡಿಗ್ರಿಯಷ್ಟು ಹಿತವಾದ ಬಿಸಿಯೂ ಒಂದೇ ಜಾಗಕ್ಕೆ ಗಂಟೆಗಟ್ಟಲೆ ತಾಗಿದರೆ ಚರ್ಮದ ಆಳದವರೆಗೆ ಬೇಯುತ್ತದೆ, ಮೇಲೆ ಬರೀ ಕೆಂಪು ಕಾಣುತ್ತದೆ. ಸ್ಪರ್ಶವಿರುವವರು ಕಾಲು ಸರಿಸುತ್ತಾರೆ. ಹಾಗಾಗಿ ಕೊತಾತ್ಸುವಿನ ಹೀಟರ್ ಆರಿಸಲು ಹೇಳಿ, ಕೈರೊ ಕೊಟ್ಟರೆ ತೆಗೆದುಕೊಂಡು ಕೋಟಿನ ಜೇಬಿನಲ್ಲಿಟ್ಟು ಕೈ ಬೆಚ್ಚಗೆ ಮಾಡಿಕೊಳ್ಳಿ. ಕಾಲಿಗೆ ಉಣ್ಣೆಯ ಸಾಕ್ಸ್ ಸಾಕು, ಆದರೆ ಅದನ್ನು ಹಾಕಿದಾಗಲೂ ಶೂ ಬಿಗಿಯಾಗಬಾರದು. ಅಲ್ಲಿಯ ಸ್ನಾನದ ತೊಟ್ಟಿಯ ನೀರು ಸಾಮಾನ್ಯವಾಗಿ 40ರಿಂದ 42 ಡಿಗ್ರಿ. ಬಿಸಿಯನ್ನು ಪಾದದಿಂದಲ್ಲ, ಮೊಣಕೈಯಿಂದ ಅಥವಾ ಥರ್ಮಾಮೀಟರಿನಿಂದ ನೋಡಿ. ನಿಮ್ಮ ಕಾಲಿಗೆ 37 ಡಿಗ್ರಿ ಮೀರದಿರಲಿ. ಬೀದಿಬದಿಯ ಬಿಸಿನೀರ ಕಾಲುಕೊಳಗಳನ್ನು ದೂರದಿಂದ ನೋಡಿ.

ಈಗ ಗುಟ್ಟಿನ ವಿಷಯ. ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ, ಆದರೆ ಕಾಲಿನ ತೊಂದರೆಯನ್ನು ಮುಚ್ಚಿಡಲಾಗದು. ಮುಚ್ಚಿಟ್ಟರೆ ಬಾಗಿಲಲ್ಲಿ ಎರಡೇ ದಾರಿ ಉಳಿಯುತ್ತವೆ: ಕಾರಣ ಹೇಳದೆ ಹಟ ಮಾಡುವ ಅತಿಥಿಯಾಗುವುದು, ಇಲ್ಲವೇ ಮುಗುಳ್ನಗುತ್ತ ಬರಿಗಾಲಲ್ಲಿ ನಡೆದುಹೋಗುವುದು. ನೀವು ಎರಡನೆಯದನ್ನೇ ಮಾಡುತ್ತೀರಿ ಎಂದು ನಿಮ್ಮ ಪತ್ರ ಓದಿದರೆ ತಿಳಿಯುತ್ತದೆ. ಮನೆಗೆ ಬಂದವರಿಗೆ ಬೇಕಾದ ಏರ್ಪಾಟು ಮಾಡಿಡಲು ತಮಗೆ ಮೊದಲೇ ತಿಳಿಯಲಿಲ್ಲವಲ್ಲ ಎಂಬುದು ಆ ಜನರನ್ನು ಕಾಡುವಷ್ಟು ನಿಮ್ಮ ಶೂ ಕಾಡುವುದಿಲ್ಲ. ಎರಡು ವಾರ ಮೊದಲೇ ಮಗ ಹುಡುಗಿಗೂ ಹುಡುಗಿ ತನ್ನ ತಾಯಿಗೂ ಹೇಳಲಿ. ಮಾತು ಇಷ್ಟು ಸಾಕು: ‘ಆಶಿ ನಿ ಬ್ಯೋಕಿ ಗಾ ಆರು ನೋದೆ, ಶಿತ್ಸುನಾಯ್-ಯೋ ನೋ ಕುತ್ಸು ಓ ಹಾಕಸೆತೆ ಇತಾದಾಯ್ತೆಮೊ ಯೊರೊಶೀ ದೆಶೋ ಕಾ’. ಕಾಲಿಗೆ ಕಾಯಿಲೆ ಇರುವುದರಿಂದ ಒಳಗೆ ಹಾಕುವ ಶೂ ಧರಿಸಲು ಅಪ್ಪಣೆಯಿದೆಯೇ ಎಂದರ್ಥ. ಸಕ್ಕರೆಯೋ ಮೂಳೆಯೋ ಎಂದು ಅವರು ಕೆದಕುವ ಸಂಭವ ಕಡಿಮೆ. ಆದರೆ ಮಗ ಹುಡುಗಿಗೆ ಒಬ್ಬಳಿಗಾದರೂ ಪೂರ್ತಿ ನಿಜ ಹೇಳಿರಬೇಕು, ಅದು ಬೀಗರ ಲೆಕ್ಕವಲ್ಲ, ಅವರಿಬ್ಬರ ಲೆಕ್ಕ. ಡಾಕ್ಟರಿಂದ ಒಂದು ಪತ್ರವೂ ಕೈಯಲ್ಲಿರಲಿ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಶೂ ಬಿಚ್ಚಿಸಿದರೆ ಅದನ್ನು ತೋರಿಸಿ, ಕುರ್ಚಿ ಕೇಳಿ.

ಕಾಲಿಗೆ ನಮಸ್ಕಾರದ ವಿಷಯದಲ್ಲಿ ನಾನು ನಿಮ್ಮ ಮಗನ ಕಡೆ. ‘ಅವರಿಗೆ ನಮ್ಮ ಸಂಸ್ಕಾರ ಗೊತ್ತಿಲ್ಲ’ ಎಂಬುದಲ್ಲ ಕಾರಣ. ನೆಲಕ್ಕೆ ಬಾಗಿ ಹಣೆ ಮುಟ್ಟಿಸುವ ಭಂಗಿಗೆ ಅವರಲ್ಲೂ ಒಂದು ಹೆಸರಿದೆ, ‘ದೊಗೆಝಾ’. ಇಂದು ಅದರ ಅರ್ಥ ಮಹಾಪರಾಧಕ್ಕೆ ಕ್ಷಮೆ ಬೇಡುವುದು ಅಥವಾ ಗತಿಯಿಲ್ಲದೆ ಅಂಗಲಾಚುವುದು. ತಮ್ಮ ಮಗಳು ತಮ್ಮ ಮನೆಯಲ್ಲೇ, ತಮ್ಮ ಕಣ್ಣೆದುರೇ ಪರದೇಶದವರ ಪಾದದ ಬಳಿ ಹಾಗೆ ಬಾಗಿದರೆ ಆ ತಂದೆತಾಯಿಗೆ ಆಶೀರ್ವಾದ ಕಾಣುವುದಿಲ್ಲ. ಯಜಮಾನರು ಇದೊಂದನ್ನು ಯೋಚಿಸಲಿ. ಅವರ ಪಾದದ ಪದ್ಧತಿಯಲ್ಲಿ ನಾವು ಒಂದು ರಿಯಾಯಿತಿ ಕೇಳಿಕೊಂಡು ಹೋಗುತ್ತಿದ್ದೇವೆ, ನಮ್ಮ ಪಾದದ ಪದ್ಧತಿಯಲ್ಲಿ ಒಂದನ್ನು ಕೊಡುವುದು ಲೆಕ್ಕ ಸರಿಮಾಡುತ್ತದೆ. ಸಾಲದ್ದಕ್ಕೆ ಚಪ್ಪಲಿ ಹಾಕಿದ ಕಾಲಿಗೆ ನಮಸ್ಕಾರ ಮಾಡಿಸಿಕೊಳ್ಳುವುದು ನಮ್ಮಲ್ಲೇ ಸಲ್ಲದು. ನೀವಂತೂ ಅಲ್ಲಿ ಬಿಚ್ಚಿ ನಿಲ್ಲುವಂತಿಲ್ಲ. ಬಾಗಿಲಲ್ಲಿ ನಿಂತು ಕೈಮುಗಿದು ಸ್ವಲ್ಪ ಬಾಗಿ. ಅವರೂ ಬಾಗುತ್ತಾರೆ, ಎರಡೂ ಪದ್ಧತಿ ಅಲ್ಲಿ ಸೇರುತ್ತವೆ. ಹುಡುಗಿ ಮುಂದೆ ನಿಮ್ಮ ಮನೆಗೆ ಬಂದಾಗ, ಅರ್ಥ ತಿಳಿದು, ಅವಳಿಗೇ ಮನಸ್ಸಾಗಿ ಬಗ್ಗಿದರೆ ಕುರ್ಚಿಯಲ್ಲಿ ಕುಳಿತು, ಶುಭ್ರ ಬಟ್ಟೆಯ ಮೇಲೆ ಪಾದವಿಟ್ಟು ಸ್ವೀಕರಿಸಿ. ಕೂತಾಗ ಚಪ್ಪಲಿ ತೆಗೆಯುವುದಕ್ಕೆ ಡಾಕ್ಟರ ಅಡ್ಡಿಯಿಲ್ಲ, ನಡೆಯುವುದಕ್ಕೆ ಮಾತ್ರ.

ಬ್ಯಾಂಕಾಕಿನಲ್ಲಿ ನಿಯಮ ಬೇರೆ. ಅಲ್ಲಿ ದೇವಾಲಯದ ಒಳಗೆ ಯಾವ ಪಾದರಕ್ಷೆಯೂ ಇಲ್ಲ, ಒಳಗಿನ ಜೋಡಿಯ ಉಪಾಯ ನಡೆಯುವುದಿಲ್ಲ. ಸಾಕ್ಸಿಗೆ ಅಭ್ಯಂತರವಿಲ್ಲ, ಆದರೆ ನಿಮಗೆ ಸಾಕ್ಸ್ ಸಾಲದು. ವಾಟ್ ಫೋದ ಮಲಗಿದ ಬುದ್ಧನ ಉದ್ದ 46 ಮೀಟರ್. ಒಂದು ಬದಿಯಿಂದ ಹೋಗಿ ಇನ್ನೊಂದು ಬದಿಯಿಂದ ಬರಬೇಕಾದ್ದರಿಂದ ಶೂ ಕೈಯಲ್ಲಿ ಹಿಡಿದು ನೂರು ಮೀಟರಿನ ಸುತ್ತು. ಇದನ್ನು ಬಿಡಿ ಎಂದೇ ಹೇಳುತ್ತೇನೆ. ಹೇಳಲು ಬೇಸರವೂ ಆಗುತ್ತದೆ, ಏಕೆಂದರೆ ಪಾದವನ್ನು ದೇಹದ ಅತಿ ಕೀಳು ಭಾಗವೆಂದು ಎಣಿಸುವ ನಾಡಿನಲ್ಲಿ ಆ ಬುದ್ಧನ ಅಂಗಾಲುಗಳಿಗೆ ಮುತ್ತಿನ ಚಿಪ್ಪಿನಲ್ಲಿ 108 ಮಂಗಳ ಚಿಹ್ನೆಗಳನ್ನು ಕೂರಿಸಿದ್ದಾರೆ. ಯಜಮಾನರು ನೋಡಿ ಫೋಟೋ ತರಲಿ. ವಾಟ್ ಫ್ರಾ ಕೇವ್‌ನ ಪಚ್ಚೆ ಬುದ್ಧನನ್ನು ಗರ್ಭಗುಡಿಯ ಹೊರಗೆ ನಿಂತೂ ಕಾಣಬಹುದು, ಅಂಗಳದಲ್ಲಿ ಶೂ ಹಾಕಿರಬಹುದು. ಆವರಣ ಬೆಳಿಗ್ಗೆ 8.30ಕ್ಕೆ ತೆರೆಯುತ್ತದೆ, ಬಿಸಿಲು ಏರುವ ಮೊದಲೇ ಹೋಗಿ. ಅಂಗಾಲು ಬುದ್ಧನ ಕಡೆಗೋ ಭಿಕ್ಷುಗಳ ಕಡೆಗೋ ಇರಬಾರದು. ಬಿದ್ದ ನೋಟು ನಾಣ್ಯವನ್ನು ಕಾಲಿಂದ ತಡೆಯಬಾರದು, ಅದರ ಮೇಲೆ ರಾಜನ ಚಿತ್ರವಿದೆ.

ವಿಮಾನದಲ್ಲಿ ಕಾಲು ಊದಿದರೆ ವೆಲ್ಕ್ರೋ ಸಡಿಲಿಸಿ, ಆದರೆ ಸಾಕ್ಸಿನಲ್ಲಿ ಶೌಚಾಲಯಕ್ಕೆ ಹೋಗಬೇಡಿ. ಪ್ರತಿ ಬಾರಿ ಶೂ ಹಾಕುವ ಮೊದಲು ಒಳಗೆ ಕೈಯಾಡಿಸಿ, ರಾತ್ರಿ ಮಲಗುವ ಮುನ್ನ ಕೈಗನ್ನಡಿ ಹಿಡಿದು ಅಂಗಾಲು, ಬೆರಳ ಸಂದು ನೋಡಿ. ಕಣ್ಣು ಮಂಜಾಗಿದ್ದರೆ ಈ ಕೆಲಸ ಯಜಮಾನರದು. ಸಾಕ್ಸ್ ತಿಳಿಬಣ್ಣದ್ದಿರಲಿ, ಕಲೆ ಬಿದ್ದರೆ ಕಾಣಬೇಕು. ತೂತು ಇರಕೂಡದು, ಅದು ಗೆಂಕಾನಿನಲ್ಲಿ ಮಾನದ ಪ್ರಶ್ನೆಯೂ ಹೌದು. ಒಂದು ಪಾದದ ಯಾವುದಾದರೂ ಜಾಗ ಇನ್ನೊಂದು ಪಾದದ ಅದೇ ಜಾಗಕ್ಕಿಂತ ಎರಡು ಡಿಗ್ರಿಗೂ ಹೆಚ್ಚು ಬಿಸಿಯಿದ್ದು, ಮರುದಿನವೂ ಹಾಗೇ ಇದ್ದರೆ ಹುಣ್ಣು ಏಳುವ ಮುನ್ಸೂಚನೆ. ಓಡಾಟ ಕಡಿಮೆ ಮಾಡಿ, ಡಾಕ್ಟರಿಗೆ ಫೋನ್ ಮಾಡಿ. ಗುಳ್ಳೆಯೋ ಗಾಯವೋ ಕಂಡರೆ ಶುಭ್ರ ಪಟ್ಟಿ ಕಟ್ಟಿ, ಆ ಕಾಲಿನ ಮೇಲೆ ಭಾರ ಹಾಕದೆ, ಅದೇ ದಿನ ತೋರಿಸಿ. ಬೀಗರ ಭೇಟಿಯನ್ನು ಮರುದಿನಕ್ಕೆ ಹಾಕಬೇಕಾದರೂ ಸರಿಯೇ.

ಮಗನಿಗೆ ಇವತ್ತೇ ಫೋನ್ ಮಾಡಿ ಮೂರು ವಿಷಯ ಕೇಳಿ: ಆ ಮನೆಯ ಗೆಂಕಾನ್ ಮೆಟ್ಟಿಲು ಎಷ್ಟು ಎತ್ತರ, ಹಿಡಿದುಕೊಳ್ಳಲು ಪಕ್ಕದಲ್ಲಿ ಏನಾದರೂ ಇದೆಯೇ, ಅತಿಥಿಗಳನ್ನು ಕೂರಿಸುವುದು ತತಾಮಿಯಲ್ಲೋ ಕುರ್ಚಿಯಲ್ಲೋ. ಮೆಟ್ಟಿಲು ಒಂದು ಗೇಣಿಗಿಂತ ಎತ್ತರವಿದ್ದರೆ ಮೊದಲೇ ಒಂದು ಸ್ಟೂಲ್ ಇಡಿಸಲಿ.